ವೈನಿ ಆರಿಸಿದ ಶಾಲೆ

ಮಂದಾರಳನ್ನು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ "ವೈನಿ" ಎಂದು ಕರೆಯುತ್ತಿದ್ದಳು. ಕೇಳಿದವರಿಗೆ ವಿಚಿತ್ರ ಅನ್ನಿಸಬಹುದು. ಆದರೆ ರಾಯಚೂರು, ಲಿಂಗಸುಗೂರು ಕಡೆಯಿಂದ ಹೋಗಿ ಹೈದರಾಬಾದಿನಲ್ಲಿ ನೆಲೆನಿಂತ ಮನೆಗಳಲ್ಲಿ ಇದೇನೂ ಹೊಸದಲ್ಲ. ವೈನಿ ಎಂದರೆ ಅಣ್ಣನ ಹೆಂಡತಿ. ಮೈದುನನೊಬ್ಬ ಬೆಳಗಾದರೆ "ವೈನಿ, ಚಹಾ", "ವೈನಿ, ನನ್ನ ಅಂಗಿ ಎಲ್ಲಿ" ಎಂದು ಮನೆ ತುಂಬ ಕೂಗುತ್ತ ತಿರುಗಿದರೆ, ಮಾತು ಕಲಿಯುವ ಕೂಸು ಆ ಹೆಸರನ್ನೇ ಹಿಡಿದುಕೊಳ್ಳುತ್ತದೆ. ಮಂದಾರಳ ಗಂಡ ನರಸಿಂಹ ಕೂಡ ತನ್ನ ತಾಯಿ ಗೋದಾಬಾಯಿಯನ್ನು "ಅಕ್ಕಾ" ಎಂದೇ ಕರೆಯುತ್ತಿದ್ದ. ಸೋದರಮಾವಂದಿರ ನಡುವೆ ಬೆಳೆದವನು, ಅವರು ಕರೆದಂತೆ ಕರೆದ.

ಒಮ್ಮೆ ಲಿಂಗಸುಗೂರಿನಿಂದ ಬಂದ ಮಂದಾರಳ ತಾಯಿ ಮೊಮ್ಮಗಳ ಬಾಯಲ್ಲಿ ಇದನ್ನು ಕೇಳಿ ಮುಖ ಸಿಂಡರಿಸಿಕೊಂಡರು. ಈಗಲೇ ತಿದ್ದು, ಅಮ್ಮ ಅನ್ನುವುದನ್ನು ಕಲಿಸು ಎಂದರು. ಮಂದಾರ ನಕ್ಕುಬಿಟ್ಟಳು.

"ಏನಂತ ಕರದ್ರೇನವಾ? ಬಿದ್ದು ಮೊಳಕಾಲು ಕೆತ್ತಿದ್ರ ಅಳಕೋತ ಓಡಿ ಬರೂದು ನನ್ನ ಕಡೀಗೇ ಅಲ್ಲ."

ಆ ನಗು ಮುಂದೆ ಎಷ್ಟು ದುಬಾರಿಯಾಯಿತು ಎಂಬುದೇ ಈ ಕಥೆ.

ಇವರ ಮನೆ ಇದ್ದದ್ದು ಸುಲ್ತಾನ್ ಬಜಾರಿನ ಒಂದು ಓಣಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ನರಸಿಂಹ ನೀರಾವರಿ ಇಲಾಖೆಯ ನೌಕರ. ಅವನ ತಂದೆಯೂ ಸರ್ಕಾರಿ ನೌಕರಿಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡು ಹೋದವರು. ತಮ್ಮ ಗೋಪಿನಾಥ ಮಾತ್ರ ದಾರಿ ಬಿಟ್ಟು ಕಂಪ್ಯೂಟರ್ ಹಿಡಿದ. ಹೈಟೆಕ್ ಸಿಟಿಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಯೇ ಕೆಲಸ ಮಾಡುತ್ತಿದ್ದ ಭಾಗ್ಯಶ್ರೀಯನ್ನು ಮದುವೆಯಾದ, ಇಬ್ಬರೂ ಕೂಕಟಪಲ್ಲಿಯಲ್ಲಿ ಫ್ಲ್ಯಾಟ್ ಹಿಡಿದು ಹೋದರು. ಅಷ್ಟು ಹೊತ್ತಿಗೆ ಮಂದಾರಳ ಮಗಳು ಭಕ್ತಿಗೆ ಮಾತು ಗಟ್ಟಿಯಾಗಿತ್ತು. ಮೈದುನ ಮನೆ ಬಿಟ್ಟ, ಅವನು ಕೂಗುತ್ತಿದ್ದ ಹೆಸರು ಮನೆಯಲ್ಲೇ ಉಳಿಯಿತು.

ಊರಿಗೆ ಊರೇ ಸಾಫ್ಟ್‌ವೇರ್ ಜಪ ಮಾಡುತ್ತಿದ್ದ ಕಾಲ ಅದು. ಹಾಲು ಹಾಕುವವನೂ ತನ್ನ ಮಗನಿಗೆ ಯಾವ ಕೋರ್ಸ್ ಒಳ್ಳೆಯದು ಎಂದು ಕೇಳುತ್ತಿದ್ದ. ಒಳ್ಳೆಯ ಶಾಲೆ ಎಂಬ ಮಾತು ಬಂದರೆ ಗೃಹಸ್ಥರು ಹೆಣ್ಣು ನೋಡಲು ಹೊರಟವರಂತೆ ಗಂಭೀರವಾಗುತ್ತಿದ್ದರು. ಮೊದಲು ಶಾಲೆ ಗೊತ್ತುಮಾಡಿಕೊಂಡು, ಆಮೇಲೆ ಅದರ ಸುತ್ತ ಮನೆ ಹುಡುಕುವುದು ಶುರುವಾದದ್ದು ಆಗಲೇ. ನರಸಿಂಹನಿಗೆ ಇದೆಲ್ಲ ಬೇಡದ ತಲೆನೋವು. ಓಣಿಯ ತುದಿಯ ಶಾಲೆಗೆ ಹಾಕಿದರಾಯಿತು ಎನ್ನುತ್ತಿದ್ದ. ಮಂದಾರ ಒಪ್ಪಲಿಲ್ಲ. ಅವಳು ರಾಯಚೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವಳು. ನಾಲ್ಕು ಜನ ಇಂಗ್ಲಿಷ್ ಮಾತಾಡುವ ಕಡೆ ತನ್ನ ಬಾಯಿಗೆ ಬೀಗ ಬೀಳುತ್ತದೆ ಎಂಬುದು ಅವಳ ಎದೆಯೊಳಗಿನ ಮುಳ್ಳು. ಮಗಳ ಬಾಯಿಗೆ ಆ ಬೀಗ ಬೀಳಕೂಡದು ಎಂದು ಹಟ ಹಿಡಿದಳು.

ನರಸಿಂಹನ ಆಫೀಸಿನ ಪದ್ಮನಾಭ ದಿಲ್‌ಸುಖ್‌ನಗರದ ಹೆಸರು ಹೇಳಿದ. ಅಲ್ಲಿ ಮನೆ ಮಾಡಿದರೆ ಸಾಕು, ಕೋಚಿಂಗ್ ಸೆಂಟರಿನ ಗಾಳಿ ಕುಡಿದೇ ಮಕ್ಕಳು ಇಂಜಿನಿಯರ್ ಆಗುತ್ತಾರಂತೆ. ಮಂದಾರ ಬಸ್ಸು ಹತ್ತಿ ಹೋಗಿ ನೋಡಿಬಂದಳು. ಶಾಲೆಯನ್ನು ಬೆಳಿಗ್ಗೆ ನೋಡಬಾರದು, ಬಿಡುವ ಹೊತ್ತಿಗೆ ನೋಡಬೇಕು ಎಂಬುದು ಅವಳ ಲೆಕ್ಕ. ಬೆಳಿಗ್ಗೆ ಎಲ್ಲ ಮಕ್ಕಳೂ ತಲೆ ಬಾಚಿಕೊಂಡು ಚೆಂದವೇ ಇರುತ್ತವೆ. ಸಂಜೆ ಗೇಟಿನಿಂದ ಹೊರಬರುವಾಗಿನ ಮುಖದಲ್ಲಿ ಶಾಲೆಯ ನಿಜವಾದ ಬಂಡವಾಳ ಗೊತ್ತಾಗುತ್ತದೆ. ದಿಲ್‌ಸುಖ್‌ನಗರದ ಮಕ್ಕಳು ಮೂಟೆ ಹೊತ್ತ ಹಮಾಲರಂತೆ ಬಗ್ಗಿಕೊಂಡು ಬಂದವು. ಮೇಲೆ ಬೋರ್ಡಿನಲ್ಲಿ ರ‍್ಯಾಂಕ್ ಬಂದವರ ಫೋಟೋಗಳಿದ್ದವು, ಅವರಲ್ಲೂ ಒಬ್ಬರ ಮುಖದಲ್ಲಿ ನಗುವಿರಲಿಲ್ಲ. ಅವಳು ಅದೇ ಬಸ್ಸಿಗೆ ತಿರುಗಿ ಬಂದಳು.

ಹೀಗೆ ಗೇಟು ಗೇಟು ತಿರುಗಿ ಕೊನೆಗೆ ಸಿಕಂದರಾಬಾದಿನ ಕಂಟೋನ್ಮೆಂಟ್ ಕಡೆಯ ಒಂದು ಶಾಲೆಗೆ ಬಂದಳು. ಬೇವಿನ ಮರಗಳ ಅಂಗಳ, ಕೆಂಪು ಗೇಟು. ಮಕ್ಕಳು ಗದ್ದಲ ಮಾಡುತ್ತ ಹೊರಬಂದವು. ಒಂದು ಚಿಕ್ಕ ಹುಡುಗ ಮಾತ್ರ ಅಳುತ್ತ ನಿಂತಿದ್ದ. ಆಗ ಒಬ್ಬ ಟೀಚರ್, ಇಸ್ತ್ರಿ ಮಾಡಿದ ಸೀರೆಯ ಚಿಂತೆಯಿಲ್ಲದೆ, ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಹುಡುಗನ ಮುಖಕ್ಕೆ ಮುಖ ಕೊಟ್ಟು ಅವನು ಹೇಳುವುದನ್ನೆಲ್ಲ ಕೇಳಿಸಿಕೊಂಡರು. ಆಟೊದವರು ಹಾರ್ನ್ ಹೊಡೆಯುತ್ತಿದ್ದರೂ ಏಳಲಿಲ್ಲ. ಅವನು ಹೇಳಿ ಮುಗಿಸಿದ ಮೇಲೆ ಏನೋ ಉತ್ತರ ಕೊಟ್ಟರು, ಹುಡುಗ ಕಣ್ಣೊರೆಸಿಕೊಂಡು ನಕ್ಕ. ಮಂದಾರ ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ ಬಂದಳು. ಆ ಟೀಚರ್ ದಿನವೂ ಯಾವುದೋ ಮಗುವಿನ ಎದುರು ಕೂತಿರುತ್ತಿದ್ದರು. ಇದೇ ನನ್ನ ಮಗಳ ಶಾಲೆ ಎಂದು ತೀರ್ಮಾನಿಸಿದಳು. ಹತ್ತಿರದಲ್ಲಿ ಮನೆಯಿದ್ದವರಿಗೆ ಮೊದಲು ಸೀಟು ಎಂದು ಗೇಟಿನವನು ಹೇಳಿದ.

ಆಮೇಲೆ ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ನರಸಿಂಹನಿಗೆ ಆಫೀಸು ದೂರವಾಗುತ್ತದೆ ಎಂಬ ತಕರಾರು. ಗೋದಾಬಾಯಿಗೆ ರಾಯರ ಮಠ ಹತ್ತಿರ ಇರಬೇಕು, ಮಡಿಗೆ ನೀರು ಬೇರೆ ಬೇಕು. ಮಂದಾರ ಆ ಬೀದಿಗಳನ್ನೆಲ್ಲ ಸುತ್ತಿ, ರೈಲ್ವೆಯಿಂದ ನಿವೃತ್ತರಾದ ಸುಬ್ಬರಾಯರ ಮನೆಯ ಮೇಲಿನ ಎರಡು ಕೋಣೆ ಹುಡುಕಿದಳು. ಮಠ ಎರಡು ಬೀದಿ ಆಚೆ. ಹಿತ್ತಲಲ್ಲಿ ಬಾವಿ. ಮಹಡಿಯ ಮೇಲೆ ನಿಂತರೆ ಶಾಲೆಯ ಬೇವಿನ ಮರ ಕಾಣುತ್ತಿತ್ತು. ದೀಪಾವಳಿ ಮುಗಿಸಿ ಸಾಮಾನು ಸಾಗಿಸಿದರು.

ಸೀಟಿಗೆ ಇನ್ನೊಂದು ಗಂಡಾಂತರವಿತ್ತು. ತಂದೆ ತಾಯಿ ಇಬ್ಬರನ್ನೂ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರಂತೆ. ಮಂದಾರ ಹೆದರಲಿಲ್ಲ. ಸ್ಟೇಷನ್ ಎದುರಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದಳು. ಮೀಸೆ ಚಿಗುರಿದ ಹುಡುಗರ ನಡುವೆ ಸೆರಗು ಹೊದ್ದು ಕೂತು ಕಲಿತಳು. ರೊಟ್ಟಿ ಬಡಿಯುತ್ತ "ಐ ಆ್ಯಮ್ ಭಕ್ತೀಸ್ ಮದರ್" ಎಂದು ಬಾಯಿಪಾಠ ಮಾಡುತ್ತಿದ್ದಳು. ಗೇಟಿನ ಹತ್ತಿರ ನಿಂತು ಟೀಚರನ್ನು ನೋಡಿದ್ದನ್ನು ಇಂಗ್ಲಿಷಿಗೆ ತಿರುಗಿಸಿಕೊಂಡು, ಸಂದರ್ಶನದಲ್ಲಿ ಇದನ್ನೇ ಹೇಳುತ್ತೇನೆ ಎಂದು ಸಂಕ್ರಮಣಕ್ಕೆ ಬಂದ ಭಾಗ್ಯಶ್ರೀಗೆ ಒಪ್ಪಿಸಿ ತೋರಿಸಿದಳು. ಭಾಗ್ಯಶ್ರೀ ಒಂದೆರಡು ಕಡೆ ತಿದ್ದಿದಳು. ನರಸಿಂಹ ಪೇಪರಿನ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ಅವನು ಮೆಚ್ಚಿಕೊಂಡಿದ್ದಾನೆ ಎಂದೇ ಅವಳು ತಿಳಿದಳು, ಪಾಪ.

ಸಂದರ್ಶನ ಗುರುವಾರ ಎಂದು ನರಸಿಂಹ ಹೇಳಿದ. ರಾಯರ ವಾರ, ಒಳ್ಳೆಯದೇ ಆಯಿತು ಎಂದುಕೊಂಡಳು. ಉಡುವುದಕ್ಕೆ ತವರಿನ ಹಸಿರು ಇಳಕಲ್ ಸೀರೆ ತೆಗೆದಿಟ್ಟಳು. ಅದೇ ವಾರ ಮಂಗಳವಾರ ಬೆಳಿಗ್ಗೆ ಭಾಗ್ಯಶ್ರೀ ಬಂದಳು. ಆಫೀಸಿನಲ್ಲಿ ಸೀರೆ ಉಟ್ಟು ಬರುವ ಹಬ್ಬವಂತೆ, ಟ್ರೆಡಿಷನಲ್ ಡೇ. ಚೂಡಿದಾರ ಬಿಟ್ಟರೆ ಬೇರೆ ತೊಡದ ಹುಡುಗಿ, ನಿಮ್ಮ ಇಳಕಲ್ ಸೀರೆ ಒಂದು ದಿನ ಕೊಡಿ ಅಕ್ಕಾ ಎಂದಳು. ಮನೆಯವರನ್ನೂ ಕರೆದಿದ್ದಾರೆ, ಮಕ್ಕಳಿಗೆ ಉಡುಗೊರೆ ಕೊಡುತ್ತಾರೆ ಎಂದು ನರಸಿಂಹ ರಜೆ ಹಾಕಿ ಭಕ್ತಿಯನ್ನೂ ಹೊರಡಿಸಿದ. ಮಂದಾರ ತಾನೂ ಬರುತ್ತೇನೆ ಎನ್ನುವಷ್ಟರಲ್ಲಿ ಗೋದಾಬಾಯಿ ಮೊಳಕಾಲು ಹಿಡಿದುಕೊಂಡು ನರಳತೊಡಗಿದರು. ಸರಿ, ಮಂದಾರ ಮನೆಯಲ್ಲೇ ಉಳಿದಳು. ಗುರುವಾರ ನನಗೇ ಬೇಕು, ನಾಳೆ ತಪ್ಪದೆ ಕಳಿಸು ಎಂದು ಹೇಳಿ ತಾನೇ ನಿರಿಗೆ ಹಿಡಿದು ಉಡಿಸಿದಳು, ಸೆರಗಿಗೆ ಪಿನ್ನು ಹಾಕಿದಳು, ಚಿಕ್ಕ ಬಿಂದಿ ತೆಗೆಸಿ ಕುಂಕುಮ ಇಟ್ಟಳು. ಓಣಿಯ ತಿರುವಿನವರೆಗೂ ಅವರು ಹೋಗುವುದನ್ನು ನೋಡುತ್ತ ನಿಂತಿದ್ದಳು.

ಬುಧವಾರ ಸಂಜೆ ನರಸಿಂಹ ಸಿಹಿ ಸುದ್ದಿ ತಂದ. ಗೋಪಿನಾಥನ ಆಫೀಸಿನ ಯಾರೋ ದೊಡ್ಡವರು ಒಂದು ಮಾತು ಹೇಳಿದರಂತೆ. ಸಂದರ್ಶನವಿಲ್ಲದೆ ಸೀಟು ಸಿಕ್ಕಿತಂತೆ. ಮಂದಾರ ಸಂತೋಷಕ್ಕೆ ಹೂರಣದ ಹೋಳಿಗೆ ಮಾಡಿ ಕೆಳಗೆ ಸುಬ್ಬರಾಯರ ಮನೆಗೂ ಕೊಟ್ಟು ಬಂದಳು. ಕಲಿತ ಇಂಗ್ಲಿಷು ಬಾಯಲ್ಲೇ ಉಳಿಯಿತಲ್ಲ ಎಂದು ಒಂದಿಷ್ಟು ಬೇಜಾರಾಯಿತು. ಅದನ್ನೂ ನಕ್ಕು ಹೇಳಿಕೊಂಡಳು. ಎಲ್ಲರೂ ನಕ್ಕರು. ಗೋದಾಬಾಯಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಹತ್ತು ನಿಮಿಷದ ದಾರಿ, ಕೈಹಿಡಿದು ಕರೆದೊಯ್ಯುವ ಕನಸಿಗೇ ಇಷ್ಟು ದೂರ ಬಂದವಳು ಮಂದಾರ. ನರಸಿಂಹ ಆಟೊ ಗೊತ್ತುಮಾಡಿದ. ಗೇಟಿನ ಹತ್ತಿರ ತಾಯಂದಿರು ಗುಂಪು ಕೂಡುವುದು ಆ ಶಾಲೆಗೆ ಸೇರುವುದಿಲ್ಲ ಎಂದ. ಪಾಲಕರ ಸಭೆಗೂ ತಾನೊಬ್ಬನೇ ಹೋಗಿಬಂದ. ಇಷ್ಟು ಹತ್ತಿರದ ಶಾಲೆಗೆ ಆಟೊ ಯಾಕೆ ಎಂದು ಅವಳ ತಲೆಗೆ ಬರದೆ ಇರಲಿಲ್ಲ. ಆದರೆ ಕಟ್ಟಿಕೊಂಡ ಗಂಡನ ಮಾತನ್ನು ತೂಗಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ಮಹಡಿಯ ಮೇಲೆ ನಿಂತು ಬೇವಿನ ಮರ ನೋಡುತ್ತ ಸಮಾಧಾನ ಮಾಡಿಕೊಂಡಳು.

ಶ್ರಾವಣದ ಒಂದು ಮಧ್ಯಾಹ್ನ ಸುಬ್ಬರಾಯರ ಮನೆಯ ಫೋನಿಗೆ ಅವಳನ್ನು ಕರೆದರು. ಭಾಗ್ಯಶ್ರೀ ಮಾತಾಡಿದಳು. ಭಕ್ತಿಗೆ ಜ್ವರ ಬಂದಿದೆ ಎಂದು ಶಾಲೆಯಿಂದ ತನಗೆ ಫೋನ್ ಬಂತು, ಭಾವನವರು ಆಫೀಸಿನಲ್ಲಿಲ್ಲ, ತಾನು ಅಷ್ಟು ದೂರದಿಂದ ಬರುವ ಹೊತ್ತಿಗೆ ತಡವಾಗುತ್ತದೆ ಎಂದಳು.

"ಅಕ್ಕಾ, ಗೇಟಿನ್ಯಾಗ ಭಾಗ್ಯಶ್ರೀ ಕಳಿಸ್ಯಾಳ ಅಂತ ಹೇಳ್ರಿ. ಒಳಗ ಬಿಡ್ತಾರ."

ಮಗಳ ಶಾಲೆಯವರು ನನ್ನನ್ನು ಬಿಟ್ಟು ಇವಳಿಗೇಕೆ ಫೋನ್ ಮಾಡಿದರು, ನನ್ನ ಮಗಳ ಹತ್ತಿರ ಹೋಗಲು ಇವಳ ಹೆಸರು ಯಾಕೆ ಬೇಕು ಎಂದು ಕೇಳುವ ಪುರಸೊತ್ತು ಇರಲಿಲ್ಲ. ಸೀರೆಯ ಸೆರಗು ಸಿಕ್ಕಿಸಿಕೊಂಡು ಓಡಿದಳು. ಒಳಗೆ ಬೆಂಚಿನ ಮೇಲೆ ಭಕ್ತಿ ಮಲಗಿದ್ದಳು. ತಲೆಯ ಹತ್ತಿರ ಕೂತಿದ್ದವರು ಅದೇ ಟೀಚರ್. ಭಕ್ತಿ ಅವಳನ್ನು ಕಂಡದ್ದೇ "ವೈನೀ" ಎಂದು ಎದ್ದು ಬಂದು ಕುತ್ತಿಗೆಗೆ ಬಿದ್ದಳು. ಮೈ ಕಾದ ಹಂಚಿನಂತಿತ್ತು.

ಟೀಚರ್ ಪ್ರೀತಿಯಿಂದಲೇ ಮಾತಾಡಿದರು, ಹಿಂದಿಯಲ್ಲಿ. ಓ, ವೈನಿ ಅಂದರೆ ನೀವೇ, ಭಕ್ತಿ ದಿನವೂ ನಿಮ್ಮ ಮಾತೇ ಆಡುತ್ತಾಳೆ ಎಂದರು. ಇವಳ ತಾಯಿ ಪುಣ್ಯವಂತರು, ಆಫೀಸಿಗೆ ಹೋಗುವವರಿಗೆ ಮನೆಯಲ್ಲಿ ನಿಮ್ಮಂಥವರು ಇದ್ದರೆ ಎಷ್ಟು ನಿಶ್ಚಿಂತೆ ಎಂದರು. ಮಂದಾರಳಿಗೆ ಏನೂ ಅರ್ಥವಾಗಲಿಲ್ಲ. ಟೀಚರ್ ಹೇಳುತ್ತಲೇ ಹೋದರು. ಸಂದರ್ಶನದ ದಿನ ಆ ತಾಯಿಯನ್ನು ಮರೆಯುವುದಕ್ಕೇ ಆಗಲಿಲ್ಲವಂತೆ. ಹಸಿರು ಇಳಕಲ್ ಸೀರೆ ಉಟ್ಟು ಎಷ್ಟು ಲಕ್ಷಣವಾಗಿ ಬಂದಿದ್ದರು. ಎಷ್ಟೋ ದಿನ ಈ ಗೇಟಿನ ಹೊರಗೆ ನಿಂತು, ಟೀಚರ್ ಅಳುವ ಹುಡುಗನ ಎದುರು ಮಣ್ಣಿನಲ್ಲಿ ಕೂತದ್ದನ್ನು ನೋಡಿ, ಮನೆಯನ್ನೇ ಬದಲಾಯಿಸಿಕೊಂಡು ಬಂದೆ ಎಂದು ಹೇಳಿದರಂತೆ. ಕೇಳಿ ನನಗೆ ಕಣ್ಣಲ್ಲಿ ನೀರು ಬಂತು, ಪ್ರಿನ್ಸಿಪಾಲರು ಅಲ್ಲಿಯೇ ಸೀಟು ಕೊಟ್ಟರು ಎಂದು ಟೀಚರ್ ನಕ್ಕರು.

ಮಂದಾರ ಜ್ವರದ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದಳು. ಸೀರೆ ಹೋದರೆ ಹೋಗಲಿ, ಹೆಸರು ಹೋದರೆ ಹೋಗಲಿ, ಬಿಸಿಲಲ್ಲಿ ನಿಂತ ಅವಳ ಕಾಲಿನ ನೋವನ್ನೂ ಇನ್ನೊಬ್ಬಳು ತನ್ನದೆಂದು ಹೇಳಿ ಶಭಾಷ್ ಅನ್ನಿಸಿಕೊಂಡಿದ್ದಳು. ನಾನು ಇವಳ ತಾಯಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ, ನೀವು ಇವಳ ಚಿಕ್ಕಮ್ಮನೋ ದೊಡ್ಡಮ್ಮನೋ ಎಂದು ಟೀಚರ್ ಕೇಳಿದರು. ಮಂದಾರ ಸುಮ್ಮನೆ ತಲೆಯಾಡಿಸಿ ಹೊರಗೆ ಬಂದಳು.

ಸಂಜೆ ಭಾಗ್ಯಶ್ರೀ ಸೇಬುಹಣ್ಣು ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತಳು. ಮಂದಾರ ಅವಳನ್ನು ಒಂದೇ ಮಾತು ಕೇಳಿದಳು: ಟೀಚರ್ ಕೂತದ್ದನ್ನು ನೋಡಿದವಳು ನೀನಾ? ಭಾಗ್ಯಶ್ರೀ ತಲೆ ತಗ್ಗಿಸಿ, "ಸಂಕ್ರಮಣದ ದಿನ ನೀವ ಹೇಳಿದ್ರಿ ಅಲ್ಲ ಅಕ್ಕಾ" ಎಂದಳು. ಹಣ್ಣು ಅಲ್ಲಿಯೇ ಇಟ್ಟು ಹೋದಳು.

ಆಫೀಸಿನಿಂದ ಬಂದ ನರಸಿಂಹ, ಅವಳು ಕೇಳಿದಾಗ, ಮೊದಲು ಕಕ್ಕಾಬಿಕ್ಕಿಯಾದ, ಆಮೇಲೆ ದನಿ ಏರಿಸಿದ. ಮಗಳ ಒಳ್ಳೆಯದಕ್ಕೇ ಮಾಡಿದ್ದು ಎಂದ. ನೀನು ಅಲ್ಲಿ ತಡವರಿಸಿದ್ದರೆ ಸೀಟು ಹೋಗುತ್ತಿತ್ತು, ಆಗ ಜನ್ಮಪೂರ್ತಿ ನೀನೇ ಕೊರಗುತ್ತಿದ್ದಿ ಎಂದ. ಈ ಊರಿನಲ್ಲಿ ಎಷ್ಟೋ ಜನ ಹೀಗೆ ಮಾಡುತ್ತಾರೆ ಎಂದ. ಗೋದಾಬಾಯಿ ಒಳಗಿನಿಂದಲೇ, ಆದದ್ದು ಆಯಿತು, ಕೂಸಿಗೆ ಜ್ವರ ಇದೆ, ಜಗಳ ಬೇಡ ಎಂದರು. ಮೊಳಕಾಲಿನ ನೋವು ನೆನಪಾಗಿ ಮಂದಾರ ಅತ್ತೆಯ ಮುಖ ನೋಡಿದಳು. ಗೋದಾಬಾಯಿ ಜಪಮಣಿಯ ಕಡೆ ನೋಡಿದರು. ಮನೆಯಲ್ಲಿ ಗೊತ್ತಿಲ್ಲದಿದ್ದವಳು ತಾನೊಬ್ಬಳೇ. ಐದು ವರ್ಷದ ಕೂಸಿಗೂ ಗೊತ್ತಿತ್ತು: ಸಂದರ್ಶನದ ಕೋಣೆಯಲ್ಲಿ ಕಾಕುವನ್ನು, ಅಂದರೆ ಚಿಕ್ಕಮ್ಮ ಭಾಗ್ಯಶ್ರೀಯನ್ನು, ಮಮ್ಮಿ ಅನ್ನಬೇಕು, ಮನೆಯಲ್ಲಿ ಹೇಳಿದರೆ ವೈನಿ ಅಳುತ್ತಾಳೆ ಎಂದು ಅಪ್ಪ ಚಾಕೊಲೇಟ್ ಕೊಟ್ಟು ಕಲಿಸಿದ್ದ.

"ನಾ ಅಕಿನ್ನ ಹಡದೀನಿ," ಎಂದಳು ಮಂದಾರ. "ಮಾತು ಬರ್ಲಿಕ್ಕಿಲ್ಲ ನನಗ. ಆದ್ರ ತಾಯಿ ಅನ್ನಿಸಿಕೊಳ್ಳಿಕ್ಕೆ ಇಂಗ್ಲಿಷ್ ಬೇಕೇನ್ರಿ?"

"ಹೆಂಗೂ ಅಕಿ ನಿನಗ ವೈನಿ ಅಂತನ ಕರೀತಾಳ," ಎಂದ ನರಸಿಂಹ. "ಈಗ ಹೊಸದಾಗಿ ಏನು ಬದಲಾಗೇದ?"

ಹದಿನಾಲ್ಕು ವರ್ಷ ಸಂಸಾರ ಮಾಡಿದ ಮನುಷ್ಯ ಇಷ್ಟು ಸಲೀಸಾಗಿ ಇಂಥ ಮಾತು ಆಡಬಲ್ಲನೆಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಅಳಲಿಲ್ಲ. ಜ್ವರ ಬಿಟ್ಟ ಮೇಲೆ ತಾನೇ ಶಾಲೆಗೆ ಹೋಗುತ್ತೇನೆ, ತಾಯಿ ನಾನು ಎಂದು ಆ ಟೀಚರಿಗೇ ಹೇಳುತ್ತೇನೆ ಎಂದಳು. ಸೀಟು ಹೋಗುತ್ತದೆ ಎಂದು ನರಸಿಂಹ ಹೆದರಿಸಿದ. ಹೋಗಲಿ ಎಂದಳು. ಬಾಯಲ್ಲಿ ಹೋಗಲಿ ಎಂದರೂ ಒಳಗೊಂದು ಆಸೆಯಿತ್ತು. ಅಳುವ ಹುಡುಗನ ಮಾತು ಕೇಳಲು ಮಣ್ಣಿನಲ್ಲಿ ಕೂತವರು ಒಬ್ಬ ತಾಯಿಯ ಮಾತು ಕೇಳದೆ ಇರುತ್ತಾರೆಯೇ? ಭಕ್ತಿ ರಗ್ಗಿನೊಳಗಿನಿಂದ ಕಣ್ಣು ಬಿಟ್ಟುಕೊಂಡು ಎಲ್ಲವನ್ನೂ ಕೇಳುತ್ತಿದ್ದಳು. ಅದನ್ನು ಯಾರೂ ಗಮನಿಸಲಿಲ್ಲ.

ಸೋಮವಾರ ಭಕ್ತಿ ಶಾಲೆಗೆ ಹೋದಳು. ಸಂಜೆ ಮಂದಾರ ಆಟೊದವನಿಗೆ ಬೇಡವೆಂದು ಹೇಳಿ, ಆ ಹಸಿರು ಇಳಕಲ್ ಸೀರೆಯನ್ನೇ ಉಟ್ಟು ಹೊರಟಳು. ದಾರಿಯುದ್ದಕ್ಕೂ ಇಂಗ್ಲಿಷ್ ವಾಕ್ಯವನ್ನು ಜಪದಂತೆ ಹೇಳಿಕೊಂಡಳು. ಬೇವಿನ ಮರದ ಕೆಳಗೆ ಟೀಚರ್ ಭಕ್ತಿಯ ಕೈ ಹಿಡಿದು ನಿಂತಿದ್ದರು. ಮಂದಾರ ಹತ್ತಿರ ಹೋಗಿ ನಮಸ್ಕಾರ ಮಾಡಿದಳು. ಟೀಚರ್ ಸೀರೆಯನ್ನು ಒಮ್ಮೆ ನೋಡಿದರು, ಮುಖ ನೋಡಿದರು, ಮತ್ತೆ ಸೀರೆ ನೋಡಿದರು. ಅವರ ಹಣೆಯಲ್ಲಿ ಒಂದು ಗೆರೆ ಮೂಡಿತು. ಮಂದಾರ ಉಸಿರು ಎಳೆದುಕೊಂಡು, "ಮ್ಯಾಡಮ್, ಐ ಆ್ಯಮ್" ಎಂದು ಶುರುಮಾಡಿದಳು. ಮುಂದಿನ ಪದ ಸಿಗದೆ ಅಲ್ಲಿಗೇ ನಿಂತಳು.

ಟೀಚರ್ ಅವಳನ್ನು ಅವಸರಪಡಿಸಲಿಲ್ಲ. ತಮ್ಮ ರೂಢಿಯಂತೆ ಕುಕ್ಕರಗಾಲಲ್ಲಿ ಕೂತರು. ಭಕ್ತಿಯ ಮುಖಕ್ಕೆ ಮುಖ ಕೊಟ್ಟು, ನಿನ್ನನ್ನು ಕರೆದೊಯ್ಯಲು ಯಾರು ಬಂದಿದ್ದಾರೆ, ನನಗೆ ಹೇಳು ಕಂದಾ ಎಂದು ಮೆಲ್ಲಗೆ ಕೇಳಿದರು. ಮಂದಾರಳ ಎದೆ ಹಗುರಾಯಿತು. ತಾನು ಹೇಳಲಾಗದ್ದನ್ನು ಮಗಳೇ ಹೇಳಲಿ, ಅದಕ್ಕಿಂತ ದೊಡ್ಡದೇನಿದೆ ಎಂದು ನಿಂತಳು.

ಭಕ್ತಿ ಒಮ್ಮೆ ತಲೆ ಎತ್ತಿ ಅವಳನ್ನು ನೋಡಿದಳು. ಆಮೇಲೆ ಟೀಚರ ಕಣ್ಣಲ್ಲಿ ಕಣ್ಣಿಟ್ಟು, ತಾಯಿ ಬಯಸಿದ್ದ ಅದೇ ಸ್ವಚ್ಛ ಇಂಗ್ಲಿಷಿನಲ್ಲಿ, ಒಂದು ಕಡೆಯೂ ತಡವರಿಸದೆ ಹೇಳಿದಳು.

"ಮೈ ಆಂಟಿ, ಮಿಸ್. ಮೈ ಮದರ್ ಈಸ್ ಇನ್ ಆಫೀಸ್."

ಟೀಚರ ಹಣೆಯ ಗೆರೆ ಹೋಯಿತು. ಭಕ್ತಿಯ ಕೆನ್ನೆ ತಟ್ಟಿ ಎದ್ದರು. ನೀವು ಏನೋ ಹೇಳುತ್ತಿದ್ದಿರಿ ಎಂದು ಮಂದಾರಳ ಕಡೆ ತಿರುಗಿದರು. ಈಗ ನಿಜ ಹೇಳಿದರೆ ಮಗಳು ಸುಳ್ಳುಗಾತಿಯಾಗುತ್ತಾಳೆ. ಏನಿಲ್ಲ ಎಂದು ಮಂದಾರ ತಲೆಯಾಡಿಸಿದಳು. ಮಗಳ ಬ್ಯಾಗು ಹೆಗಲಿಗೆ ಹಾಕಿಕೊಂಡು ನೀರಿನ ಬಾಟಲಿ ಕೈಯಲ್ಲಿ ಹಿಡಿದಳು. ಕೆಂಪು ಗೇಟು ದಾಟಿ ಇಬ್ಬರೂ ಹೊರಗೆ ಬಂದರು.

ಬೀದಿ ತಿರುಗಿದ ಮೇಲೆ ಭಕ್ತಿ ಅವಳ ಸೆರಗು ಜಗ್ಗಿದಳು. ವೈನಿ ಶಾಲೆಯಲ್ಲಿ ಏನಾದರೂ ಅಂದರೆ ನೀನು ಹೀಗೆ ಹೇಳು, ಇಲ್ಲದಿದ್ದರೆ ನಿನ್ನನ್ನು ತೆಗೆದುಹಾಕುತ್ತಾರೆ, ವೈನಿ ನಿನಗಾಗಿಯೇ ಇಷ್ಟು ದೂರ ಬಂದಿದ್ದಾಳೆ ಎಂದು ಅಪ್ಪ ಬೆಳಿಗ್ಗೆ ಹೇಳಿಕೊಟ್ಟಿದ್ದನಂತೆ. ಹೇಳಿ ಮುಗಿಸಿ, ಪಾಠ ತಪ್ಪಿಲ್ಲದೆ ಒಪ್ಪಿಸಿದವಳಂತೆ ಮುಖ ಅರಳಿಸಿಕೊಂಡು ಕೇಳಿದಳು.

"ವೈನಿ, ನಾ ಬರೋಬ್ಬರಿ ಹೇಳಿದ್ನಿಲ್ಲ?"

"ಹ್ಞೂಂ," ಎಂದಳು ಮಂದಾರ. "ಬರೋಬ್ಬರಿ ಹೇಳಿದಿ."